ಪಾರ್ಕಿಗೊಂದು ದಿನ, ಹಳೇ ರಸ್ತೆಗೊಂದು ದಿನ

ರಜೆಗೆ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾದ ಮೇಲೆ ಮನೆಗಳಲ್ಲಿ ಮೊದಲು ಶುರುವಾಗುವುದು ಟಿಕೆಟ್ ದರದ ಲೆಕ್ಕಾಚಾರ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಮಕ್ಕಳ ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಟೇಪು ಹಿಡಿದು ಎತ್ತರ ಅಳೆಯಿರಿ. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಪ್ರವಾಸವನ್ನು ಹೇಗೆ ಜೋಡಿಸಬೇಕು ಎಂಬುದರಲ್ಲಿ ಅರ್ಧದಷ್ಟನ್ನು ಆ ಅಂಕಿಯೇ ಹೇಳಿಬಿಡುತ್ತದೆ.

ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನಿಗದಿಯಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಚಿಕ್ಕ ಕೂಸಿಗೆ ಟಿಕೆಟ್ ಬೇಕಿಲ್ಲ. ಅಲ್ಲಿಂದ 140 ಸೆಂ.ಮೀ. ತನಕ ಮಕ್ಕಳ ಟಿಕೆಟ್, ಅದನ್ನು ದಾಟಿದರೆ ದೊಡ್ಡವರ ಲೆಕ್ಕ. ರೈಡ್‌ಗಳಿಗೂ ಇದೇ ಅಳತೆಗೋಲು. ತಲೆಕೆಳಗು ಮಾಡುವ, ಮೇಲಕ್ಕೊಯ್ದು ಧಡಾರನೆ ಕೆಳಗೆ ಬಿಡುವ ದೊಡ್ಡ ರೈಡ್‌ಗಳಲ್ಲಿ ಹೆಚ್ಚಿನವನ್ನು ಪೂರ್ತಿ ಎತ್ತರ ಬಂದವರಷ್ಟೇ ಹತ್ತಬಹುದು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ, ಇರಲೂಬಾರದು. ಹೆಗಲ ಮೇಲೆ ಇಳಿದು ಎದೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿ ಬೆಳೆದ ಮೈಗೆ ಹೊಂದುವಂತೆ ಮಾಡಿದ್ದು. ಚಿಕ್ಕ ಮೈ ಅದರ ಸಂದಿಯಲ್ಲಿ ಜಾರಬಹುದು. ಗೇಟಿನ ಹತ್ತಿರ ನಿಂತು "ಒಂದೆರಡು ಸೆಂಟಿಮೀಟರ್ ಅಷ್ಟೇ ಅಲ್ವಾ, ಬಿಡಿ ಸಾರ್" ಎಂದು ಗೋಗರೆಯುವ ತಂದೆತಾಯಂದಿರು ಯಾರ ಜೀವದ ಬಗ್ಗೆ ಮಾತಾಡುತ್ತಿದ್ದೇವೆಂದು ಒಂದು ಕ್ಷಣ ಯೋಚಿಸಬೇಕು.

ನಮ್ಮ ಮಕ್ಕಳು ಸಾಮಾನ್ಯವಾಗಿ 140 ಸೆಂ.ಮೀ. ಮುಟ್ಟುವುದು ಹತ್ತು ಹನ್ನೊಂದರ ಆಸುಪಾಸಿನಲ್ಲಿ. ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಏಳನೇ ಕ್ಲಾಸಿನ ಅಕ್ಕ, ಎರಡನೇ ಕ್ಲಾಸಿನ ತಮ್ಮ, ಅಪ್ಪ, ಅಮ್ಮ, ಮಂಡಿನೋವಿನ ಅಜ್ಜಿ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೇ ಅಕ್ಕನ ಜೊತೆ ಅಪ್ಪ ದೊಡ್ಡ ರೈಡಿನ ಸಾಲಿಗೆ ಹೋಗುತ್ತಾನೆ. ತಮ್ಮ ಅಳುತ್ತಾ ಅಮ್ಮನ ಕೈಹಿಡಿದು ಮಕ್ಕಳ ರೈಡಿನ ಕಡೆ ನಡೆಯುತ್ತಾನೆ. ಅಜ್ಜಿ ಬ್ಯಾಗುಗಳನ್ನು ಪಕ್ಕಕ್ಕಿಟ್ಟುಕೊಂಡು, "ನೀವು ಹೋಗ್ಬನ್ನಿ ಮಗಾ, ನಾನು ಇಲ್ಲೇ ಕೂತಿರ್ತೀನಿ" ಅನ್ನುತ್ತಾರೆ. ದಿನವಿಡೀ ಹೀಗೇ. ಐವರೂ ಒಂದೇ ಕಡೆ ಸೇರುವುದು ಊಟದ ಹೊತ್ತಿಗೆ ಮತ್ತು ಕಾರಿನಲ್ಲಿ. ಜೊತೆಯಾಗಿರೋಣ ಎಂದು ಹೊರಟ ಮನೆಯವರನ್ನು ಪಾರ್ಕು ಎತ್ತರದ ಪ್ರಕಾರ, ಧೈರ್ಯದ ಪ್ರಕಾರ, ಮಂಡಿಯ ಪ್ರಕಾರ ಬೇರೆಬೇರೆ ಮಾಡುತ್ತದೆ. ಇದು ಪಾರ್ಕಿನ ತಪ್ಪಲ್ಲ, ಅದರ ಸ್ವಭಾವವೇ ಹಾಗೆ. ಪ್ರವಾಸವನ್ನು ಪಾರ್ಕೊಂದಕ್ಕೇ ಮೀಸಲಿಡಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪಾರ್ಕಿಗೆ ಒಂದು ದಿನ ಕೊಡಿ. ಎಲ್ಲರೂ ಒಟ್ಟಿಗೆ ನೋಡಬಹುದಾದ, ಯಾರ ಎತ್ತರವನ್ನೂ ಕೇಳದ ಜಾಗಗಳಿಗೆ ಕಡೇಪಕ್ಷ ಇನ್ನೊಂದು ದಿನ ಕೊಡಿ. ಬೆಂಗಳೂರು–ಮೈಸೂರು ದಾರಿಯಲ್ಲಿ ಅಂಥ ಜಾಗಗಳು ಸಾಲುಸಾಲಾಗಿವೆ.

ಥೀಮ್ ಪಾರ್ಕುಗಳಲ್ಲಿ ಹೆಸರಾದ ಡಿಸ್ನಿಲ್ಯಾಂಡಿನ ಕಲ್ಪನೆ ಹುಟ್ಟಿದ್ದೇ ಒಂದು ಬೆಂಚಿನ ಮೇಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳಿಬ್ಬರು ಮರದ ಕುದುರೆಯ ಮೇಲೆ ಸುತ್ತುತ್ತಿದ್ದರೆ ವಾಲ್ಟ್ ಡಿಸ್ನಿ ಬೆಂಚಿನ ಮೇಲೆ ಕುಳಿತು ನೋಡುತ್ತಿರುತ್ತಿದ್ದರು. ತಂದೆತಾಯಿ ಮತ್ತು ಮಕ್ಕಳು ಒಟ್ಟಿಗೆ ಆಡಬಹುದಾದ ಜಾಗವೊಂದು ಯಾಕಿರಬಾರದು ಎಂದು ಅನ್ನಿಸಿದ್ದು ಅಲ್ಲೇ ಎಂದು ಅವರೇ ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ, ಮುಂಬೈನ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂದವು. ವಿ–ಗಾರ್ಡ್ ಕಂಪನಿಯ ಸ್ಥಾಪಕ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ತೆರೆದರು. ಅದೇ ಬಳಗದ ವಂಡರ್‌ಲಾ 2005ರಲ್ಲಿ ಬಿಡದಿಗೆ ಬಂತು. ಅದಕ್ಕೂ ಮೊದಲು ಹಳೇ ಮೈಸೂರು ಸೀಮೆಯ ಮಕ್ಕಳಿಗೆ ರಂಗರಾಟೆ ಎಂದರೆ ಊರ ಜಾತ್ರೆ, ಇಲ್ಲವೇ ಮೈಸೂರು ದಸರಾ ವಸ್ತುಪ್ರದರ್ಶನ. ಅಲ್ಲಿ ರಾಟೆ ಹತ್ತಿದವರು ಹತ್ತು ನಿಮಿಷದಲ್ಲಿ ಇಳಿದು ಬರುತ್ತಿದ್ದರು. ಆಮೇಲೆ ಅಜ್ಜಿ, ಮೊಮ್ಮಗ, ಸೋದರತ್ತೆ ಎಲ್ಲರೂ ಕೂಡಿ ದೊಡ್ಡ ಹಪ್ಪಳ ಮುರಿದುಕೊಂಡು ತಿನ್ನುತ್ತಾ ಅಂಗಡಿ ಸಾಲು ಸುತ್ತುತ್ತಿದ್ದರು. ಆಟ ಮತ್ತು ಸುತ್ತಾಟ ಒಂದೇ ಬಯಲಿನಲ್ಲಿದ್ದವು. ಈಗ ಆಟ ಒಂದು ಕಾಂಪೌಂಡಿನೊಳಗೆ, ಸುತ್ತಾಟ ಅದರ ಹೊರಗೆ. ಎರಡನ್ನೂ ಜೋಡಿಸುವ ಕೆಲಸ ನಮ್ಮದು.

ಪಾರ್ಕಿನ ದಿನ

ವಂಡರ್‌ಲಾ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿ.ಮೀ. ದೂರ. ಎಂಬತ್ತು ಎಕರೆಗೂ ಮೀರಿದ ಜಾಗ, ಅರವತ್ತಕ್ಕೂ ಹೆಚ್ಚು ರೈಡ್. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುತ್ತೇವೆಂದು ಹೊರಟವರು ಕ್ಯೂನಲ್ಲೇ ದಿನ ಕಳೆದು ಬರುತ್ತಾರೆ. ಹಿಂದಿನ ರಾತ್ರಿ ಮನೆಯವರೆಲ್ಲ ಕುಳಿತು ತಲೆಗೆ ಮೂರರಂತೆ ರೈಡ್ ಆರಿಸಿಕೊಳ್ಳಿ. ಅವು ಆದರೆ ದಿನ ಸಾರ್ಥಕ, ಮಿಕ್ಕದ್ದು ಸಿಕ್ಕಷ್ಟು.

ಸರದಿಯೂ ಮುಖ್ಯ. ನೀರಿನ ಆಟಗಳು ಬಾಗಿಲು ತೆರೆದ ಕೂಡಲೇ ಶುರುವಾಗುವುದಿಲ್ಲ. ಬಿಸಿಲು ಏರಿದ ಮೇಲೆ ಆರಂಭವಾಗಿ ಸಂಜೆ ಮಿಕ್ಕವಕ್ಕಿಂತ ಬೇಗ ನಿಲ್ಲುತ್ತವೆ. ಹಾಗಾಗಿ ಬಾಗಿಲು ತೆರೆದ ಹೊತ್ತಿನಲ್ಲಿ ನೇರ ದೊಡ್ಡ ಒಣ ರೈಡ್‌ಗಳಿಗೆ ಹೋಗಬೇಕು. ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಮುಂದಕ್ಕೆ ಸುರುಳಿ ಸುತ್ತಿ, ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸಾಗುತ್ತದೆ. ಬೆಳಿಗ್ಗೆ ಅದರ ಸಾಲು ಚಿಕ್ಕದು, ಮಧ್ಯಾಹ್ನ ಅದರ ಹತ್ತಿರ ಸುಳಿಯುವಂತಿರುವುದಿಲ್ಲ. ಹೊಟ್ಟೆ ತುಂಬ ತಿಂದು ಅದನ್ನು ಹತ್ತಬೇಡಿ. ಬಿಡದಿಯ ತಟ್ಟೆ ಇಡ್ಲಿ ಬೆಳಗಿನ ತಿಂಡಿಗೆ ಹೇಳಿ ಮಾಡಿಸಿದ್ದು. ಹಬೆಯಲ್ಲಿ ಬೆಂದದ್ದು, ಹಗುರ. ಮಕ್ಕಳಿಗೆ ಬೆಣ್ಣೆ ಸ್ವಲ್ಪ ಕಡಿಮೆ ಹಾಕಿಸಿದರಾಯಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಮುಗಿಬೀಳುವ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೋ ಒಂದು ಗಂಟೆ ತಡವಾಗಿಯೋ ಊಟ ಮಾಡಿ. ಆಮೇಲೆ ನೀರು. ಬಿಸಿಲು ಇಳಿದ ಮೇಲೆ ಬಟ್ಟೆ ಬದಲಿಸಿ, ಎತ್ತರದಲ್ಲಿ ಸುತ್ತುವ ಸ್ಕೈ ವ್ಹೀಲ್‌ನಂಥ ನಿಧಾನದ ರೈಡ್. ಅದಕ್ಕೆ ಅಜ್ಜಿಯೂ ಬರಬಹುದು. ಬರುತ್ತೀರಾ ಎಂದು ಕೇಳಿ. ಅವರಿಂದ ಆಗುವುದಿಲ್ಲವೆಂದು ನಾವೇ ತೀರ್ಮಾನ ಮಾಡಿಬಿಡುವುದು ನಮ್ಮ ಮನೆಗಳ ಕೆಟ್ಟ ಅಭ್ಯಾಸ.

ನೀರಿಗಿಳಿಯಲು ನೈಲಾನ್ ಬಟ್ಟೆಯೇ ಬೇಕು. ಹತ್ತಿ ಬಟ್ಟೆಯ ನೂಲು ಬಿಟ್ಟುಕೊಂಡು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಬಣ್ಣವೂ ಬಿಡುತ್ತದೆ. ಹಾಗಾಗಿ ಸೀರೆ, ಚೂಡಿದಾರ, ಜೀನ್ಸ್ ತೊಟ್ಟವರನ್ನು ನೀರಿಗೆ ಬಿಡುವುದಿಲ್ಲ. ಈ ನಿಯಮ ಗೊತ್ತಿಲ್ಲದೆ ಬಂದ ಎಷ್ಟೋ ಹೆಂಗಸರು ದಿನಪೂರ್ತಿ ದಡದಲ್ಲೇ ಉಳಿಯುತ್ತಾರೆ. ಮೈ ಮುಚ್ಚುವ ನೈಲಾನ್ ಟೀ ಶರ್ಟು, ಪಾದದ ತನಕ ಬರುವ ನೈಲಾನ್ ಲೆಗ್ಗಿಂಗ್ ನಮ್ಮೂರ ಅಂಗಡಿಗಳಲ್ಲೇ ಸಿಗುತ್ತವೆ. ಅಮ್ಮಂದಿರಿಗೂ ಅತ್ತೆಯಂದಿರಿಗೂ ಅವನ್ನು ಮುಂಚೆಯೇ ಕೊಂಡಿಟ್ಟರೆ ಸಂಕೋಚದ ಪ್ರಶ್ನೆಯೂ ಮುಗಿಯುತ್ತದೆ, ಪಾರ್ಕಿನೊಳಗಿನ ಅಂಗಡಿಯ ದುಬಾರಿ ಬೆಲೆಯೂ ತಪ್ಪುತ್ತದೆ. ಮಾಂಗಲ್ಯದ ಸರ, ಓಲೆ, ಉಂಗುರ ಮನೆಯಲ್ಲಿರಲಿ, ಅವತ್ತಿಗೆ ಕೊರಳಲ್ಲಿ ಅರಿಸಿನದ ದಾರವೊಂದೇ ಸಾಕು. ಅಲೆಗಳ ಕೊಳದಲ್ಲಿ ಕಳೆದ ಓಲೆಯನ್ನು ಹುಡುಕುವುದು ಯಾರಿಂದಲೂ ಆಗದ ಕೆಲಸ. ಕನ್ನಡಕಕ್ಕೆ ಹಿಂದೆ ಕಟ್ಟುವ ದಾರ ತನ್ನಿ. ವೇಲು, ಸೆರಗು, ಬಿಚ್ಚಿದ ಕೂದಲು ತಿರುಗುವ ಯಾವ ಯಂತ್ರದ ಹತ್ತಿರವೂ ಕೂಡದು.

ಹೃದಯದ ತೊಂದರೆ ಇರುವವರು, ಬೆನ್ನು–ಕುತ್ತಿಗೆ ನೋವಿನವರು, ಇತ್ತೀಚೆಗೆ ಆಪರೇಷನ್ ಆದವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು ಎಸೆದಾಡುವ ರೈಡ್‌ಗಳಿಂದ ದೂರವಿರಬೇಕು. ಇದನ್ನು ಪ್ರತಿ ರೈಡಿನ ಮುಂದೆಯೂ ಬರೆದಿರುತ್ತಾರೆ, ಆದರೆ ಓದುವವರು ಕಡಿಮೆ. ನಲವತ್ತೈದು ದಾಟಿ, ಬಿ.ಪಿ. ಮಾತ್ರೆ ನುಂಗುತ್ತಿರುವ ಅಪ್ಪ ಮಗಳ ಮುಂದೆ ಧೈರ್ಯ ತೋರಿಸಲು ಹೋಗಬೇಕಿಲ್ಲ. ಮಗಳು ಇಳಿದು ಓಡಿಬಂದಾಗ ಅವಳ ಕಥೆ ಕೇಳಲು ಕೆಳಗೆ ಒಬ್ಬರಿದ್ದರೆ ಅದೂ ಅವಳಿಗೆ ಸಂತೋಷವೇ.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಕೂಸಿನ ಆಹಾರಕ್ಕೆ, ಔಷಧಿಗೆ ಅಡ್ಡಿಯಿಲ್ಲ. ಕಟ್ಟಿಕೊಂಡು ಹೋದ ಚಿತ್ರಾನ್ನ, ಮೊಸರನ್ನದ ಡಬ್ಬಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಮರುದಿನದ ಜಾಗಗಳಲ್ಲಿ ಮರದ ನೆರಳಿದೆ, ಕಲ್ಲುಬೆಂಚಿದೆ.

ಮಂಡಿನೋವಿನ ಅಜ್ಜಿಗೆ ಪಾರ್ಕು ಸಾಕೆನಿಸಿದರೆ ಅಂದು ಮನೆಯವರು ಎರಡು ತಂಡವಾದರೂ ತಪ್ಪಿಲ್ಲ. ಅಪ್ಪ ಮಕ್ಕಳನ್ನು ನೋಡಿಕೊಳ್ಳಲಿ, ಅಮ್ಮ ಮತ್ತು ಅಜ್ಜಿ ಬಿಡದಿಯಿಂದ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿರುವ ಜಾನಪದ ಲೋಕಕ್ಕೆ ಹೋಗಿ ಬರಲಿ. ಬ್ಯಾಗು ಕಾಯಲು ಲಾಕರ್ ಇದೆ. ಆ ಕೆಲಸಕ್ಕೆ ಮನುಷ್ಯರು ಬೇಡ.

ಹೆದ್ದಾರಿ ಬಿಟ್ಟು ಇಳಿದರೆ

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. 118 ಕಿ.ಮೀ. ಉದ್ದದ ಈ ಹೆದ್ದಾರಿಯ ಮುಖ್ಯ ಪಥಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣವನ್ನು ಬದಿಗಿಟ್ಟು ಹೋಗುತ್ತವೆ. ಊರು ಸೇರುವ ಸಮಯ ಉಳಿಯಿತು, ನಿಜ. ಆದರೆ ಊಟಕ್ಕೆ, ಕಾಫಿಗೆ, ಗೊಂಬೆಗೆ ಎಂದು ಗಾಡಿ ನಿಲ್ಲಿಸುತ್ತಿದ್ದ ಊರುಗಳು ಪ್ರಯಾಣಿಕರ ಕಣ್ಣಿನಿಂದ ಮರೆಯಾದವು. ಹಳೇ ರಸ್ತೆ ಬದಿಯ ಹೋಟೆಲುಗಳ, ಗೊಂಬೆ ಅಂಗಡಿಗಳ ವ್ಯಾಪಾರ ಬಿದ್ದುಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವರು ಪಕ್ಕದ ರಸ್ತೆಯಲ್ಲೇ ಹೋಗಬೇಕು. ಕಾರಿನಲ್ಲಿ ಹೋಗುವ ಕುಟುಂಬಗಳಿಗೂ ನನ್ನ ಸಲಹೆ ಅದೇ. ಪಾರ್ಕ್ ಮುಗಿಸಿ ಮೈಸೂರಿಗೆ ಹೋಗುವವರು ದಶಪಥ ಹತ್ತಬೇಡಿ. ಹಳೇ ರಸ್ತೆ ಹಿಡಿಯಿರಿ.

ಮೊದಲು ಸಿಗುವುದು ರಾಮನಗರದ ಬಂಡೆಗಳು. ಅಜ್ಜ–ಅಜ್ಜಿಯ ತಲೆಮಾರಿಗೆ ಅದು ‘ಶೋಲೆ’ ಸಿನಿಮಾದ ರಾಮಗಢ. 1973ರಲ್ಲಿ ರಮೇಶ್ ಸಿಪ್ಪಿ ತಂಡ ಇಲ್ಲಿ ಚಿತ್ರೀಕರಣ ಶುರುಮಾಡಿತು, 1975ರ ಆಗಸ್ಟ್ 15ರಂದು ಸಿನಿಮಾ ತೆರೆಗೆ ಬಂತು. ಗಬ್ಬರ್ ಸಿಂಗ್ ನಿಂತ ಬಂಡೆ ಯಾವುದಿರಬಹುದು ಎಂದು ತಾತ ತೋರಿಸುತ್ತಾ ಹೋದರೆ ಮೊಮ್ಮಕ್ಕಳು ಕೇಳುತ್ತಾರೆ, ಅವತ್ತಿನ ಮಟ್ಟಿಗೆ ಗೈಡ್ ತಾತನೇ. ಮಕ್ಕಳಿಗೆ ತೋರಿಸಬೇಕಾದ್ದು ಇನ್ನೊಂದಿದೆ. ಈ ಬಂಡೆಗಳಿರುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಕಡಿದಾದ ಬಂಡೆಯ ಗೋಡೆಯಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಮಾಡುತ್ತದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ದೇಶದುದ್ದಕ್ಕೂ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಸತ್ತವು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ರಣಹದ್ದು ಅಪರೂಪವಾಗಿತ್ತು. ದುರ್ಬೀನು ಇದ್ದರೆ ಒಯ್ಯಿರಿ. ಕಾಣಿಸದಿದ್ದರೂ ಬೇಸರ ಬೇಡ, ಬಂಡೆಯ ಮೇಲೆ ಬಿಳಿ ಬಳಿದಂತೆ ಕಾಣುವ ಹಿಕ್ಕೆಯ ಗುರುತು ಅವುಗಳ ಮನೆಯ ವಿಳಾಸ. ಬೆಟ್ಟಕ್ಕೆ ಮೆಟ್ಟಿಲುಗಳಿವೆ, ಹಿರಿಯರು ಕೆಳಗಿನಿಂದಲೂ ನೋಡಬಹುದು. ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗುವುದು ಒಳ್ಳೆಯದು.

ರಾಮನಗರ ದಾಟಿದರೆ ಜಾನಪದ ಲೋಕ. ಇಡೀ ದಾರಿಯಲ್ಲಿ ಒಂದೇ ಕಡೆ ನಿಲ್ಲಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಜನಪದ ಹಾಡು, ಕಥೆ, ವಸ್ತುಗಳನ್ನು ಕೂಡಿಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಅದರ ಕಡೆಯಿಂದ ಹದಿನೈದು ಎಕರೆಯಲ್ಲಿ ಈ ಲೋಕವನ್ನು ಎಬ್ಬಿಸಿ ನಿಲ್ಲಿಸಿದರು. ನೇಗಿಲು, ಕೂರಿಗೆ, ಬೀಸುವ ಕಲ್ಲು, ಒನಕೆ, ಅಳತೆಯ ಸೇರು–ಪಾವು, ತೊಗಲುಗೊಂಬೆ, ಸೂತ್ರದ ಗೊಂಬೆ, ಸೋಮನ ಕುಣಿತದ ಮುಖಗಳು, ಯಕ್ಷಗಾನದ ವೇಷಭೂಷಣ ಎಲ್ಲವೂ ಇಲ್ಲಿವೆ. ಇಲ್ಲಿಗೆ ಬಂದಾಗ ಮನೆಯೊಳಗಿನ ಮೇಲುಕೀಳು ತಿರುವುಮುರುವಾಗುತ್ತದೆ. ಹಿಂದಿನ ದಿನ ರೈಡ್ ಹತ್ತಲಾಗದೆ ಕುಳಿತಿದ್ದ ಅಜ್ಜಿಗೆ ಇಲ್ಲಿ ಪ್ರತಿ ವಸ್ತುವಿನ ಹೆಸರೂ ಗೊತ್ತು, ಬಳಕೆಯೂ ಗೊತ್ತು. ರಾಗಿ ಬೀಸುವಾಗ ಗೂಟವನ್ನು ಯಾವ ಕೈಯಲ್ಲಿ ಹಿಡಿಯಬೇಕು, ಕಾಳನ್ನು ಎಷ್ಟೆಷ್ಟು ಹಾಕಬೇಕು ಎಂದು ಅವರು ಕೈಯಾಡಿಸಿ ತೋರಿಸುತ್ತಾರೆ. ಇಂಜಿನಿಯರಿಂಗ್ ಓದಿದ ಅಪ್ಪನಿಗೂ ಗೊತ್ತಿರದ ವಿಷಯ ಅವು. ಮೊಮ್ಮಕ್ಕಳು ಪ್ರಶ್ನೆ ಕೇಳುವುದು ಅವರನ್ನು. ಪಕ್ಕದಲ್ಲೇ ಕಾಮತ್ ಲೋಕರುಚಿ ಹೋಟೆಲಿದೆ, ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿ ಸಿಗುತ್ತದೆ. ಎರಡು ಗಂಟೆಯಲ್ಲಿ ನೋಡಿ ಮುಗಿಸುತ್ತೇವೆಂದು ಬರಬೇಡಿ, ಅರ್ಧ ದಿನ ಇಡಿ.

ಚನ್ನಪಟ್ಟಣದಲ್ಲಿ ಗೊಂಬೆಯನ್ನು ಕೊಂಡರಷ್ಟೇ ಸಾಲದು, ಮಾಡುವುದನ್ನೂ ನೋಡಬೇಕು. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಇಲ್ಲಿಗೆ ಬಂತೆಂದು ಹೇಳಲಾಗುವ ಕಸುಬು ಇದು. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಾಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿ ತಾಗಿದ ಕಡೆ ಮರ ಸುರುಳಿಸುರುಳಿಯಾಗಿ ಹಾರುತ್ತದೆ. ನೋಡುನೋಡುತ್ತಿದ್ದಂತೆ ಬುಗುರಿಯ ಸೊಂಟ, ಗೊಂಬೆಯ ತಲೆ ಮೂಡುತ್ತವೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣ ಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು. ಬ್ರಶ್ಶಿಲ್ಲ, ಒಣಗಲು ಕಾಯುವುದಿಲ್ಲ. ವಿಜ್ಞಾನದ ಪಾಠದಲ್ಲಿ ಘರ್ಷಣೆಯಿಂದ ಶಾಖ ಎಂದು ಬಾಯಿಪಾಠ ಮಾಡಿದ ಹುಡುಗನಿಗೆ ಅದು ಕಣ್ಣಿಗೆ ಕಾಣುವುದು ಇಲ್ಲಿ. ಕಾರ್ಯಾಗಾರದವರನ್ನು ಗೌರವದಿಂದ ಕೇಳಿದರೆ ತೋರಿಸುತ್ತಾರೆ. ನೋಡಿದ ಮೇಲೆ ಚೌಕಾಸಿ ಮಾಡದೆ ಅವರಿಂದಲೇ ಏನಾದರೂ ಕೊಳ್ಳಿ. ದಶಪಥ ಬಂದ ಮೇಲೆ ಇವರ ಬಾಗಿಲಿಗೆ ಬರುವವರು ಕಡಿಮೆಯಾಗಿದ್ದಾರೆ.

ಮದ್ದೂರಿನಲ್ಲಿ ವಡೆ ತಿನ್ನದೆ ಯಾರೂ ಮುಂದೆ ಹೋಗುವುದಿಲ್ಲ, ಅದರ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ಜನವರಿಯಿಂದ ಮೇ ನಡುವೆ ಹೋಗುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ತಿರುಗಿಕೊಳ್ಳಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ನೋಡಿಕೊಳ್ಳುತ್ತಾರೆ. ಟಿಕೆಟ್ಟಿಲ್ಲ, ಗೇಟಿಲ್ಲ. ಯಾರದೋ ಮನೆಯಂಗಳದಲ್ಲಿ ನಿಂತಿದ್ದೇವೆಂಬ ನೆನಪು ಮಾತ್ರ ಇರಲಿ.

ಭಾನುವಾರ ಮೈಸೂರಿಗೆ

ದಿನಗಳನ್ನು ಜೋಡಿಸುವಾಗ ಒಂದು ಸರಳ ಲೆಕ್ಕ ಹಿಡಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಪಾರ್ಕಿನಲ್ಲಿ ಅತಿ ಹೆಚ್ಚು ಜನ ಸೇರುವುದು ಭಾನುವಾರ. ಮೈಸೂರು ಅರಮನೆಗೆ ದೀಪಾಲಂಕಾರ ಇರುವುದೂ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ. ಹಾಗಾದರೆ ಭಾನುವಾರವನ್ನು ಮೈಸೂರಿಗೆ ಕೊಡಿ, ಪಾರ್ಕಿಗೆ ಶುಕ್ರವಾರವನ್ನೋ ಸೋಮವಾರವನ್ನೋ ಇಡಿ. ಸಂಜೆ ಏಳರ ಸುಮಾರಿಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೇ ಬೆಳಗುವುದನ್ನು ಅಜ್ಜಿಯಿಂದ ಕೂಸಿನ ತನಕ ಎಲ್ಲರೂ ಒಂದೇ ಕಡೆ ನಿಂತು ನೋಡುತ್ತಾರೆ.

ಭಾನುವಾರ ಬೆಳಿಗ್ಗೆ ರಂಗನತಿಟ್ಟು. ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಸಾರಿದ ಕಾವೇರಿಯ ನಡುಗಡ್ಡೆಗಳು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿವೆ. ಒಂದೇ ದೋಣಿಯಲ್ಲಿ ಎಲ್ಲರೂ ಕೂರುತ್ತೀರಿ. ಅಂಬಿಗ ತೋರಿಸುತ್ತಾ ಹೋಗುತ್ತಾನೆ: ಬಾಯ್ಕಳಕ, ಚಮಚದ ಕೊಕ್ಕು, ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ. ಮಕ್ಕಳು ಕಿರುಚುವುದನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ದೋಣಿ ಸಂಚಾರ ನಿಲ್ಲುತ್ತದೆ, ವಿಚಾರಿಸಿ ಹೊರಡಿ. ಮೈಸೂರಿನ ಮೃಗಾಲಯ 1892ರಷ್ಟು ಹಳೆಯದು. ನಡೆಯಲಾರದವರಿಗೆ ಬ್ಯಾಟರಿ ಗಾಡಿ ಇದೆ. ಮಂಗಳವಾರ ರಜೆ ಎಂಬುದು ನೆನಪಿರಲಿ. ಮನೆಯಲ್ಲಿರುವವರೆಲ್ಲ 140 ಸೆಂ.ಮೀ.ಗಿಂತ ಚಿಕ್ಕ ಮಕ್ಕಳೇ ಆಗಿದ್ದರೆ ದೊಡ್ಡ ಪಾರ್ಕಿನ ದುಡ್ಡು ಈ ವರ್ಷ ಖರ್ಚು ಮಾಡಬೇಡಿ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಚಿಕ್ಕದು, ಪುಟ್ಟ ಮಕ್ಕಳಿಗೆ ಅಷ್ಟೇ ಸಾಕು. ಮಗು ಬೆಳೆಯುವ ತನಕ ಬಿಡದಿ ಎಲ್ಲಿಗೂ ಹೋಗುವುದಿಲ್ಲ.

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಬರುವವರು ರಾತ್ರಿ ರೈಲಿಳಿದು ನೇರ ಪಾರ್ಕಿಗೆ ಹೋಗುವುದುಂಟು. ನಿದ್ದೆಗೆಟ್ಟ ಮಕ್ಕಳಿಗೆ ಮಧ್ಯಾಹ್ನದ ಹೊತ್ತಿಗೇ ಹಟ ಶುರುವಾಗುತ್ತದೆ. ಅದರ ಬದಲು ಮೊದಲು ಮೈಸೂರು ಸೇರಿ, ಸುತ್ತಾಡಿ, ಹಳೇ ರಸ್ತೆಯಲ್ಲಿ ಚನ್ನಪಟ್ಟಣ, ಜಾನಪದ ಲೋಕ ನೋಡಿಕೊಂಡು ಬಂದು, ಕೊನೆಯ ದಿನ ಪಾರ್ಕ್ ಇಟ್ಟುಕೊಳ್ಳಿ. ಅಂದು ರಾತ್ರಿ ಬೆಂಗಳೂರಿನಲ್ಲಿ ಊರಿನ ರೈಲು ಹತ್ತಿದರೆ ಮಕ್ಕಳು ಬರ್ತ್ ಮೇಲೆ ಕಾಲು ಚಾಚಿದ್ದೇ ತಡ, ನಿದ್ದೆ. ಬೆಂಗಳೂರು–ಮೈಸೂರು ನಡುವಿನ ಪ್ಯಾಸೆಂಜರ್ ರೈಲುಗಳು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರಿನಲ್ಲಿ ನಿಲ್ಲುತ್ತವೆ, ಕಾರು ಇಲ್ಲದಿದ್ದರೂ ಈ ಪ್ರವಾಸ ಆಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಉಚಿತ. ಗುರುತಿನ ಚೀಟಿ ಕೈಯಲ್ಲಿರಬೇಕು. ಅಜ್ಜಿ, ಅಮ್ಮ, ಮಗಳ ಪ್ರಯಾಣದ ಖರ್ಚು ಉಳಿದರೆ ಆ ದುಡ್ಡಿನಲ್ಲಿ ಒಂದು ರಾತ್ರಿ ಹೆಚ್ಚಿಗೆ ತಂಗಬಹುದು.

ತಿಂಗಳು ಯಾವುದು? ಏಪ್ರಿಲ್–ಮೇ ರಜೆಯಲ್ಲಿ ನೀರಿನ ಆಟಕ್ಕೆ ಒಳ್ಳೆಯ ಹವೆ, ಜನವೂ ಅಷ್ಟೇ. ಡಿಸೆಂಬರಿನಲ್ಲಿ ವಾರದ ದಿನವೂ ಖಾಲಿ ಇರುವುದಿಲ್ಲ, ಶಾಲೆಗಳು ಪ್ರವಾಸ ಹೊರಡುವ ಕಾಲ ಅದು. ಜೂನ್ ಕೊನೆ, ಜುಲೈನಲ್ಲಿ ಸಾಲು ಚಿಕ್ಕದಾಗಿರುತ್ತದೆ, ಆದರೆ ಮಿಂಚು–ಗುಡುಗು ಬಂದರೆ ರೈಡ್ ನಿಲ್ಲಿಸುತ್ತಾರೆ. ಪರೀಕ್ಷೆ ಮುಗಿದು ಊರೂರಿನ ನೆಂಟರು ಇನ್ನೂ ಹೊರಡದಿರುವ ರಜೆಯ ಮೊದಲ ವಾರ ನನ್ನ ಆಯ್ಕೆ.

ಪಾರ್ಕ್ ನಡೆಸುವವರಲ್ಲಿ ಒಂದು ಕೋರಿಕೆ ಇದೆ. ಮೊಮ್ಮಕ್ಕಳ ಜೊತೆಗೆಂದು ಬಂದು ಯಾವ ರೈಡನ್ನೂ ಹತ್ತದ ಹಿರಿಯರಿಗೆ ಎಲ್ಲ ಪಾರ್ಕುಗಳಲ್ಲೂ ಅಗ್ಗದ ಪ್ರವೇಶ ಟಿಕೆಟ್ ಸಿಗಬೇಕು, ಅವರು ಕೂರುವ ಕಡೆ ನೆರಳೂ ಕುಡಿಯುವ ನೀರೂ ಹತ್ತಿರದಲ್ಲೇ ಶೌಚಾಲಯವೂ ಇರಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ಇನ್ನೊಂದು: ರಜೆಯ ದಿನಗಳಲ್ಲಾದರೂ ಬಿಡದಿಯಿಂದ ಹೊರಟು ರಾಮದೇವರ ಬೆಟ್ಟ, ಜಾನಪದ ಲೋಕ, ಚನ್ನಪಟ್ಟಣದ ಗೊಂಬೆ ಕಾರ್ಯಾಗಾರಗಳನ್ನು ಮುಟ್ಟಿ ಬರುವ ಒಂದು ಬಸ್ಸನ್ನು ಹಳೇ ರಸ್ತೆಯಲ್ಲಿ ಓಡಿಸಿ. ದಶಪಥದಿಂದ ವ್ಯಾಪಾರ ಕಳೆದುಕೊಂಡ ಊರುಗಳಿಗೆ ಸರ್ಕಾರ ಅಷ್ಟು ಮಾಡಲೇಬೇಕು.